ಏಳನೆಯ ಫೈಲು

ಜಸಿಂತಾ ಮೇಡಂ ಮೆಟ್ಟಿಲು ಹತ್ತಿ ಬಂದವರೇ
ಲ್ಯಾಪ್‌ಟಾಪು ಮೇಜಿನ ಮೇಲಿಟ್ಟು ಏದುಸಿರಲ್ಲಿ ಹೇಳಿದರು:
'ಎದೆ ಬಡಿತ ತಪ್ಪುತ್ತಾ ಇದೆ, ನೋಡಿ.'
ನಾನು ಕುರ್ಚಿ ಎಳೆದೆ, ನೀರು ತಾ ಅಂತ ಮುನಾವರನನ್ನು ಕೂಗಿದೆ.
'ನನ್ನದಲ್ಲ ಮಾರಾಯ್ರೆ, ಇದರದ್ದು!'

ನರ್ಸಿಂಗ್ ಕಾಲೇಜಿನಲ್ಲಿ ಅವರ ಪಾಠವೇ ಹೃದಯದ ಸದ್ದು.
ಏಳು ಫೈಲು, ಏಳು ಎದೆ, ಹೆಸರಿಲ್ಲ, ನಂಬರು ಮಾತ್ರ.
ಮೊನ್ನೆ ಮೊದಲನೆಯದು ಹಾಕಿದರಂತೆ,
ಗುಂಡುಕಲ್ಲಿನಂಥ ಆಳಿನದು.
ಲಬ್ ಡಬ್, ಲಬ್ ಡಬ್, ಲಬ್
ಡಬ್ ಬರಲೇ ಇಲ್ಲ.
ನಲವತ್ತು ಹುಡುಗಿಯರು ನೋಟ್‌ಬುಕ್ಕಿನಲ್ಲಿ
ಆ ಗಟ್ಟಿ ಮನುಷ್ಯನಿಗೆ ಕಾಯಿಲೆ ಬರೆದುಬಿಟ್ಟರು.
ಒಬ್ಬಳಂತೂ ಮಾತ್ರೆಯ ಹೆಸರು ಸಮೇತ.

ಮೊದಲ ಅನುಮಾನ ಯಾವಾಗಲೂ ಬಡಪಾಯಿಯ ಮೇಲೆ: ಹೆಡ್‌ಫೋನು.
ಬದಲಿಸಿದೆ. ಎಡವಿತು.
ಪೆನ್‌ಡ್ರೈವಿನಿಂದ ಒಳಗೆ ಇಳಿಸಿಕೊಂಡೆ. ಎಡವಿತು.
ಅಂಗಡಿಯ ಮುದಿ ಡಬ್ಬಕ್ಕೆ ಹಾಕಿದರೆ ನೀರು ಹರಿದಂತೆ ಸಲೀಸು.
ಅಲ್ಲಿಗೆ ಎದೆ ಚೆನ್ನಾಗಿದೆ,
ಹೇಳುವವನ ಗಂಟಲು ಕೆಟ್ಟಿದೆ.
ಫ್ಯಾನು ಬಿಚ್ಚಿದೆ: ಸೀಮೆಸುಣ್ಣದ ಪುಡಿ, ಒಂದು ಉದ್ದ ಕೂದಲು,
ಎಂದೋ ತಿಂದ ಚಕ್ಕುಲಿಯ ಚೂರು.
ಬ್ಯಾಟರಿ ಉಳಿಸುವ ಜಿಪುಣತನ ಬಿಡಿಸಿದೆ.
ಸೌಂಡ್ ಡ್ರೈವರು ಕಿತ್ತು ಹೊಸದು ಕೂರಿಸಿದೆ.
ಹನ್ನೊಂದು ಸೆಕೆಂಡು ನೆಟ್ಟಗೆ ಓಡಿ ಹನ್ನೆರಡಕ್ಕೆ ಮುಗ್ಗರಿಸಿತು.
ಮತ್ತೆ ಹನ್ನೆರಡಕ್ಕೆ. ಮತ್ತೆ.
ಕಳ್ಳನಿಗೂ ಒಂದು ಶಿಸ್ತಿದೆ ಅಂದುಕೊಂಡೆ.

ಕೆಳಗೆ ಬಿತ್ತನೆ ಆಲೂಗಡ್ಡೆಯ ಮಂಡಿ.
ಹಮಾಲರು ಲಾರಿಯಿಂದ ಮೂಟೆ ಇಳಿಸುತ್ತಿದ್ದರು,
ಧಪ್, ಒಂದು ಉಸಿರು, ಧಪ್, ಒಂದು ಉಸಿರು.
ಯಾರಾದರೂ ಬೀಡಿ ಹಚ್ಚಲು ನಿಂತರೆ
ನನ್ನ ಕಿವಿ ಅಲ್ಲೂ ತಪ್ಪು ಹಿಡಿಯುತ್ತಿತ್ತು.

ಬೇಸತ್ತು ವೈಫೈ ಆರಿಸಿದೆ.
ನಿಂತೇಹೋಯಿತು, ಎಡವು.
ಕೆದಕಿ ನೋಡಿದರೆ, ಹಳೆಯ ಯಾವುದೋ ವೈಫೈ,
'ಕ್ವಾರ್ಟರ್ಸ್ ನಾಲ್ಕು' ಅಂತ ಹೆಸರು.
ಹನ್ನೆರಡು ಸೆಕೆಂಡಿಗೊಮ್ಮೆ ಈ ಯಂತ್ರ
ಕೈಲಿದ್ದ ಕೆಲಸ ಕೆಳಗಿಟ್ಟು ಅದನ್ನು ಕೂಗುತ್ತಿತ್ತು.
ಕೂಗಿದಾಗೆಲ್ಲ ಕೈಲಿದ್ದ ಎದೆ ಜಾರುತ್ತಿತ್ತು.
ಫೋನು ಮಾಡಿ ಕೇಳಿದೆ, ಅಳಿಸಲಾ?
'ಅಯ್ಯೋ, ಆ ಕ್ವಾರ್ಟರ್ಸು ಕೆಡವಿ
ಸ್ಕೂಟರ್ ಸ್ಟ್ಯಾಂಡ್ ಮಾಡಿದ್ದಾರಲ್ಲ. ಅಳಿಸಿ.'

ಅಳಿಸಿ, ಒಂದೊಂದೇ ಹಾಕುತ್ತಾ ಬಂದೆ.
ಒಂದು ಸರಿ. ಎರಡು ಸರಿ.
ಮೂರರಲ್ಲಿ ಸಣ್ಣ ಮಗು, ಗುಬ್ಬಿ ಓಡಿದ ಹಾಗೆ, ಅದೂ ಸರಿ.
ಆರರವರೆಗೂ ಸರಿ.
ಏಳು: ಲಬ್ ಡಬ್, ಲಬ್ ಡಬ್, ಲಬ್ ಡಬ್,

ಆಮೇಲೆ ಏನೂ ಇಲ್ಲ.
ಆಮೇಲೆ ಒಂದು, ತಡವಾಗಿ, ಮಿಕ್ಕವಕ್ಕಿಂತ ಜೋರಾಗಿ,
ತಡರಾತ್ರಿ ಬಂದವರು ಬಾಗಿಲು ಬಡಿದ ಹಾಗೆ.

ವೈಫೈ ಆರಿಯೇ ಇತ್ತು. ಡ್ರೈವರು ಹೊಸದು.
ಮುದಿ ಡಬ್ಬಕ್ಕೆ ಹಾಕಿದೆ, ಅಲ್ಲೂ ಹಾಗೇ.
ಗಡಿಯಾರ ಇಟ್ಟೆ: ಏಳಕ್ಕೊಮ್ಮೆ, ಹತ್ತೊಂಬತ್ತಕ್ಕೊಮ್ಮೆ, ಮೂರಕ್ಕೊಮ್ಮೆ.
ಇದಕ್ಕೆ ಶಿಸ್ತೇ ಇಲ್ಲ.
ಮುನಾವರ ಸೋಲ್ಡರಿಂಗ್ ಬಿಟ್ಟು
ತನ್ನ ಮಣಿಕಟ್ಟು ಹಿಡಿದುಕೊಂಡು ಕೂತಿದ್ದ.

ರಾತ್ರಿ ಒಂಬತ್ತಕ್ಕೆ ಮತ್ತೆ ಫೋನು.
'ಏಳು ಮಾತ್ರ ಇನ್ನೂ ಎಡವುತ್ತಿದೆ ಮೇಡಂ.
ನಾಳೆವರೆಗೂ ಟೈಮ್ ಕೊಟ್ಟರೆ…'
'ಅದನ್ನ ಮುಟ್ಟಬೇಡಿ' ಅಂದರು.
'ಅದು ಹಾಗೇ. ಅವರು ಇದ್ದದ್ದೇ ಹಾಗೆ.'
ಮುಂದೆ ಸ್ವಲ್ಪ ಹೊತ್ತು ಸದ್ದಿಲ್ಲ.
ನೆಟ್‌ವರ್ಕೋ, ಅವರೋ, ತಿಳಿಯಲಿಲ್ಲ.
ಹಲೋ ಅನ್ನಲಿಲ್ಲ ನಾನು.

ಬಿಲ್ಲು ಬರೆದೆ:
ಸರ್ವೀಸು, ಕ್ಲೀನಿಂಗು, ಒಟ್ಟು ಮುನ್ನೂರ ಐವತ್ತು.
ಕೆಳಗೆ, ಜಾಗ ಸಾಲದೆ ಅಂಚಿಗೆ ಒತ್ತಿ:
ಏಳನೆಯದನ್ನು ಮುಟ್ಟಿಲ್ಲ.