ಎಡಗಡೆಯ ಗುಂಡಿ

ವರ್ನಾ ಟಿಂಡಲ್ ತಂದದ್ದು ರಿಪೇರಿಯ ಬಟ್ಟೆಯಲ್ಲ,
ಅಂಗೈಯಗಲದ ಒಂದು ತಗಡು.
ಕರವಸ್ತ್ರ ಬಿಡಿಸಿ ನನ್ನ ಕಟಿಂಗ್ ಮೇಜಿನ ಮೇಲಿಟ್ಟಳು,
ಚಾಕು, ಟೇಪು, ಸೂಜಿಡಬ್ಬಿಗಳ ನಡುವೆ.

ತಗಡಿನೊಳಗೆ ಒಬ್ಬ ಸಿಪಾಯಿ.
ಕೆನ್ನೆಗೆ ಯಾರೋ ಗುಲಾಬಿ ಬಳಿದಿದ್ದಾರೆ,
ಗುಂಡಿಗಳಿಗೆ ಒಂದೊಂದೇ ಚುಕ್ಕಿ ಬಂಗಾರ.
“ಮುತ್ತಜ್ಜನ ಅಣ್ಣ. ಕ್ಯಾಪ್ಟನ್ ಆಗಿದ್ದನಂತೆ.
ಲೈಲ್ ಇವತ್ತು ಪ್ಯಾಂಟು ಒಯ್ಯಲು ಬರುತ್ತಾನಲ್ಲ,
ಕೇಳೋಣ ಅಂತ ತಂದೆ.”

ಲೈಲ್ ಕ್ರೌಸ್ ನಿವೃತ್ತ ಅಂಚೆಯವನು.
ಒಹಾಯೊದ ಈ ಜೇನ್ಸ್‌ವಿಲ್ಲಿನಲ್ಲಿ,
ನಡುನೀರಲ್ಲೇ ಕವಲೊಡೆಯುವ ಸೇತುವೆಯ ಆಚೆ ಈಚೆ,
ಯಾರ ಅಟ್ಟದಲ್ಲಿ ಯಾವ ಸಿಪಾಯಿ ಧೂಳು ತಿನ್ನುತ್ತಿದ್ದಾನೆ
ಎಲ್ಲ ಅವನಿಗೆ ಬಾಯಿಪಾಠ.

ಅವನು ಬರುವ ಮೊದಲೇ ನಾನು ನೋಡಿಬಿಟ್ಟೆ.
ಏನು ಮಾಡಲಿ, ಕಣ್ಣು ಮೊದಲು ಹೋಗುವುದೇ ಕಾಜಕ್ಕೆ.
ರಾಣೆಬೆನ್ನೂರಿನ ಅಪ್ಪನ ಅಂಗಡಿಯಲ್ಲಿ
ಪೊಲೀಸರ ಖಾಕಿಗೆ ಕಾಜ ಹೆಣೆದು ಹೆಣೆದು
ಹತ್ತು ವರ್ಷಕ್ಕೇ ಬೆರಳು ಜಡ್ಡುಗಟ್ಟಿದವಳು.
ಗಂಡಸರಿಗೆ ಗುಂಡಿ ಬಲಕ್ಕೆ, ಕಾಜ ಎಡಕ್ಕೆ.
ತಪ್ಪಿದರೆ ತಲೆಯ ಮೇಲೆ ಗಜಕೋಲು.
ಇವನ ಗುಂಡಿಗಳೋ,
ಎಡಕ್ಕಿವೆ.

“ವರ್ನಾ,” ಎಂದೆ ಮೆಲ್ಲಗೆ, “ಇದು ಹೆಂಗಸಿನ ಕೋಟು.”

ಅವಳು ಕುರ್ಚಿ ಎಳೆದು ಕೂತಳು.
ಕೂದಲು ಕತ್ತರಿಸಿಕೊಂಡು, ಎದೆಗೆ ಬಟ್ಟೆ ಬಿಗಿದುಕೊಂಡು,
ದನಿ ತಗ್ಗಿಸಿ ರುಜು ಹಾಕಿ ಯುದ್ಧಕ್ಕೆ ಹೊರಟವಳು.
ಹತ್ತೇ ನಿಮಿಷದಲ್ಲಿ ಹೆಸರನ್ನೂ ಇಟ್ಟೆವು:
ಲವೀನಾ.
“ನಮ್ಮ ಮನೆತನದಲ್ಲಿ ಅಂಥವಳೊಬ್ಬಳು ಇರಲೇಬೇಕಿತ್ತು,”
ಎಂದಳು ಎಂಬತ್ತರ ವರ್ನಾ, ಕೆನ್ನೆ ಕೆಂಪಾಗಿ.

ಲೈಲ್ ಬಂದ. ಭೂತಗನ್ನಡಿ ತೆಗೆದ.
ನಗಲಿಲ್ಲ, ಅದು ಅವನ ದೊಡ್ಡತನ.
“ಸೊಂಟದ ಬಿಲ್ಲೆಯ ಅಕ್ಷರ ಓದು.”
ಓದಿದೆ. ಅಕ್ಷರಗಳು ಬೆನ್ನು ತಿರುಗಿಸಿ ನಿಂತಿದ್ದವು.
“ತಗಡಿನ ಚಿತ್ರವೆಂದರೆ ಕನ್ನಡಿ. ಎಡ ಬಲವಾಗುತ್ತದೆ.
ಕೇಪಿನ ಡಬ್ಬಿಯೂ ಆಚೆ ಮಗ್ಗುಲಿಗೆ ಹೋಗಿದೆ ನೋಡು.
ಭುಜಪಟ್ಟಿ ಇಲ್ಲ, ಕ್ಯಾಪ್ಟನ್ ಎಲ್ಲಿಂದ?
ನಾಲ್ಕು ಗುಂಡಿಯ ದೊಗಲೆ ಕೋಟು. ಬರೀ ಕಾಲಾಳು.
ಪಿಸ್ತೂಲು ಫೋಟೋದವನದೇ ಇರಬೇಕು,
ಬಂದವರಿಗೆಲ್ಲ ಹಿಡಿಯಲು ಕೊಡುತ್ತಿದ್ದರು.”

ಟ್ರಯಲ್ ರೂಮಿನ ಕನ್ನಡಿಗೆ ತಗಡು ಹಿಡಿದೆ.
ಅಕ್ಷರ ನೆಟ್ಟಗಾಯಿತು. ಗುಂಡಿಗಳು ಬಲಕ್ಕೆ ಸರಿದವು.
ಲವೀನಾ ಬಂದ ದಾರಿಯಲ್ಲೇ ಹೊರಟುಹೋದಳು.
ವರ್ನಾ ಕರವಸ್ತ್ರ ಮಡಚತೊಡಗಿದಳು,
ಒಂದೇ ಮಧ್ಯಾಹ್ನದಲ್ಲಿ ಇಬ್ಬರನ್ನು ಕಳೆದುಕೊಂಡವಳು.

“ತಡಿ,” ಎಂದೆ.

ಮುಂಗೈಗಿಂತ ಮೇಲೆ, ಎರಡೂ ತೋಳಿಗೆ,
ಸುತ್ತಲೂ ಒಂದು ಏಣು.
ಭೂತಗನ್ನಡಿಯಡಿ ಟಾಕುಗಳು ಕಂಡವು,
ದಪ್ಪ ದಾರ, ಒಂದು ಉದ್ದ, ಒಂದು ಗಿಡ್ಡ,
ದೀಪದ ಬೆಳಕಲ್ಲಿ ಆತುರಕ್ಕೆ ಹಾಕಿದಂಥವು.
ಹೆಚ್ಚಿನ ಬಟ್ಟೆಗೆ ಕತ್ತರಿ ಬಿದ್ದಿಲ್ಲ. ಒಳಗೇ ಮಡಚಿದೆ.

ಜೂನ್ ತಿಂಗಳು ಅಪ್ಪನ ಅಂಗಡಿ ತುಂಬ ತಾಯಂದಿರು,
ಶಾಲೆಯ ಅಂಗಿ ಹಿಡಿದುಕೊಂಡು:
“ಬೆಳಿಯೋ ಹುಡುಗ ರೀ.
ಕತ್ತರಿ ಹಚ್ಚಬ್ಯಾಡ್ರಿ, ಒಳಗ ಮಡಚ್ರಿ.
ಬರೋ ವರ್ಷ ಬಿಚ್ಚಿದ್ರಾತು.”

ಅದನ್ನು ಇಂಗ್ಲಿಷಿಗೆ ತರಲು ಒದ್ದಾಡಿದೆ.
ಕೊನೆಗೆ ನನ್ನ ತೋಳನ್ನೇ ಎರಡಿಂಚು ಮಡಚಿ ತೋರಿಸಿದೆ.
ವರ್ನಾ ಮೂವರನ್ನು ಬೆಳೆಸಿದವಳು, ಹೇಳುವುದೇ ಬೇಕಿರಲಿಲ್ಲ.
ಲೈಲ್ ಬಹಳ ಹೊತ್ತು ಬಗ್ಗಿ ನೋಡಿದ,
ಮತ್ತೆ ತನ್ನ ಕಾರ್ಡಿನಲ್ಲಿ ವಯಸ್ಸಿನ ಮುಂದೆ ಬರೆದದ್ದಕ್ಕೆ
ಅಡ್ಡ ಗೀಟು ಎಳೆದ.

“ನಿನಗೆಷ್ಟು ಕೊಡಲಿ?” ಎಂದಳು ವರ್ನಾ.
ಕೈ ಚೀಟಿಪುಸ್ತಕಕ್ಕೆ ಹೋಯಿತು, ರೂಢಿ.

ಟಿಂಡಲ್. ಕೋಟು ಒಂದು, ನೀಲಿ.
ತೋಳು ಎರಡಿಂಚು ಒಳಗಿದೆ.
ಬಿಚ್ಚಿ ಇಳಿಸುವುದು ಬಾಕಿ.

ಲೈಲ್ ಆ ದಿನ ಪ್ಯಾಂಟು ಮರೆತು ಹೋದ.