ಮೂವತ್ತು ಮೀಟರ್

ಕುವೋಪಿಯೋದ ಅಂಗಡಿಯಲ್ಲಿ ಎರಡನ್ನೂ ಎತ್ತಿ ನೋಡಿದೆ.
ವೈರಿನ ಗರಗಸ ಅಗ್ಗ, ಭಾರ, ಉದ್ದ ಬಾಲದ ಪ್ರಾಣಿ.
ಬ್ಯಾಟರಿಯದಕ್ಕೆ ಎರಡರಷ್ಟು ಬೆಲೆ.
'ದ್ವೀಪದ ಮನೆಗೆ ಇದೇ ಸರಿ, ಯಾರ ಹಂಗೂ ಇಲ್ಲ'
ಎಂದ ಹುಡುಗ.
ಆ ಮಾತಿಗೇ ದುಡ್ಡು ಕೊಟ್ಟು ಬಂದೆ.

ಸೌನಾದ ಬೆಂಚಿಗೆ ಆಸ್ಪೆನ್ ಹಲಗೆ,
ಅತ್ತ ನಲವತ್ತೈದು ಡಿಗ್ರಿ, ಇತ್ತ ನಲವತ್ತೈದು.
ಅಕ್ಟೋಬರಿನಲ್ಲಿ ಬೆಣ್ಣೆಯಂತೆ ಕೊಯ್ದಿತು.
ನವೆಂಬರಿನಲ್ಲಿ, ಸೊನ್ನೆಗಿಂತ ಹದಿನಾಲ್ಕು ಕೆಳಗೆ,
ಏಳನೇ ಹಲಗೆಯ ನಡುವೆ ಉಸ್ಸೆಂದು ನಿಂತಿತು.
ಚಾವಣಿಯ ಸೌರಫಲಕಕ್ಕೆ ಈ ತಿಂಗಳು ಸೂರ್ಯನೇ ಇಲ್ಲ.
ಬ್ಯಾಟರಿಯನ್ನು ಹಾಸಿಗೆಯೊಳಗಿಟ್ಟು
ರಾತ್ರಿಯಿಡೀ ಕಾವು ಕೊಟ್ಟೆ, ಹೇಂಟೆಯ ಹಾಗೆ.
ಬೆಳಿಗ್ಗೆ ಒಂದೇ ಒಂದು ದೀಪ ಮಿಣುಕಿ
ಆರಿತು.

ಬೇಲಿಯಾಚೆ ವೋಯ್ಟೋ. ಕರೆಂಟು ಅವನ ಮನೆತನಕ ಬಂದಿದೆ.
ದೋಣಿಕಟ್ಟೆಯ ಜಗಳದ ಮೇಲೆ
ಎರಡು ಬೇಸಿಗೆ ನಮಗೆ ಮಾತಿಲ್ಲ.
ಸದ್ದು ನಿಂತದ್ದು ಕೇಳಿಸಿರಬೇಕು;
ಮರಗೆಲಸ ಬಲ್ಲವನಿಗೆ ಗೊತ್ತು
ಮುಗಿದು ನಿಂತದ್ದು ಯಾವುದು, ಸೋತು ನಿಂತದ್ದು ಯಾವುದು.
ಹಳದಿ ವೈರಿನ ಸುರುಳಿಯನ್ನು ಹಿಮದ ಮೇಲೆ ಬಿಚ್ಚುತ್ತ ಬಂದ,
ಕಂಕುಳಲ್ಲಿ ತನ್ನ ಹಳೇ ಗರಗಸ.
ಮೂವತ್ತು ಮೀಟರ್. ಬೇಲಿಯಡಿ ನುಸುಳಿ
ನನ್ನ ಅಂಗಳದಲ್ಲಿ ಒಂದು ಗೇಣು ಕಡಿಮೆ ಬಿತ್ತು.
ಮೇಜನ್ನೇ ಬೇಲಿಯತ್ತ ಎಳೆದೆವು,
ಒಂದು ತುದಿ ಅವನು.

ಪ್ಲಗ್ಗು ಸಡಿಲ. ಕಳಚದ ಹಾಗೆ
ಮಂಡಿಯೂರಿ ಒತ್ತಿ ಹಿಡಿದ. ನಾನು ಕೊಯ್ದೆ.
ಹಿಮದ ಮೇಲೆ ಮರದ ಹುಡಿ,
ಹುಡಿಯ ಮೇಲೆ ಮತ್ತೆ ಹಿಮ.
ಕೊನೆಯ ಮೂಲೆ ಕೂಡಿಸಿದಾಗ ಸಂದಿನಲ್ಲಿ
ಕೂದಲೆಳೆಯಷ್ಟು ಬೆಳಕು.
ಬಗ್ಗಿ ನೋಡಿದ. ಮೂಗು ಒರೆಸಿಕೊಂಡ.
'ಹಬೆ ಕುಡಿದರೆ ಮುಚ್ಚಿಕೊಳ್ಳುತ್ತೆ' ಎಂದ.