ಎಡಗಾಲಿನ ಬೂಟು

ಟಿಂಬಕ್ಟುವಿನ ಸಣ್ಣ ಮಾರುಕಟ್ಟೆಯ ಹಿಂದೆ,
ಬೇವಿನ ನೆರಳು ಮುಗಿದು ಮರಳು ಶುರುವಾಗುವಲ್ಲಿ
ನನ್ನ ಅಂಗಡಿ. ಹೆಸರು ಮಹಮಾನ್. ಕೆರ ಹೊಲಿಯುತ್ತೇನೆ.
ಅಪ್ಪನೂ ಹೊಲಿದ, ಅವನಪ್ಪನೂ.
ನಾನೂರು ವರ್ಷ ಹಿಂದಕ್ಕೆ ಹೋದರೆ ಮಾತ್ರ
ನಮ್ಮವರ ಕೈಯಲ್ಲಿ ದಬ್ಬಳವಲ್ಲ, ಕೋವಿ.

ಕ್ಯಾಪ್ಟನ್ ತಿಬೋ ಮೊದಲು ಬಂದದ್ದು
ಅವರು ಊರು ಗೆದ್ದ ಮೂರನೇ ತಿಂಗಳು.
ಕಾವಿಗೆ ಬೂಟಿನ ಅಟ್ಟೆ ಬಾಯಿ ಬಿಟ್ಟಿತ್ತು.
ಚಹಾದ ಮೂರನೇ ಲೋಟದವರೆಗೂ ಕೂತ, ಅದೊಂದು ಗುಣ.

ಎಷ್ಟು ದೂರ ನಡೆಯಬೇಕು ಇದು? ಕೇಳಿದೆ.
ಹೊಲಿಗೆ ನಿಂತಿರುವುದು ಅದರ ಮೇಲೆಯೇ:
ಮಸೀದಿಯವರೆಗಾದರೆ ಒಂದೆಳೆ ಸಾಕು,
ಉಪ್ಪಿನ ಗಣಿಯವರೆಗೆಂದರೆ ಮೂರೆಳೆ, ಮೇಲೊಂದು ಒಂಟೆ ಚರ್ಮದ ಪಟ್ಟಿ.
'ಕೆಲಸ ಮುಗಿಯುವವರೆಗೆ' ಎಂದ.
ಅದು ಎಷ್ಟು ಗಾವುದ ಎಂದೆ.
ದುಭಾಷಿ ಹುಡುಗ ಇದನ್ನು ಮಾತ್ರ ತರ್ಜುಮೆ ಮಾಡಲಿಲ್ಲ.

ಅವರ ಬಳಿ ಏನಿರಲಿಲ್ಲ!
ಕತ್ತಲಲ್ಲಿ ಆಡಿನ ಮೈಬಿಸಿ ಕಾಣುವ ಕಣ್ಣು,
ಹದ್ದಿಗಿಂತ ಮೇಲೆ ನಿಂತು ಗುಂಯ್‌ಗುಡುವ ಯಂತ್ರ,
ಅದರ ಒಂದು ಹೊಡೆತವೆಂದರೆ ನಮ್ಮ ಓಣಿಯ ಹತ್ತು ವರ್ಷದ ಊಟ.
ಮೋಟಾರ್ ಸೈಕಲ್ಲಿನ ಮೇಲೆ ಹೋಗುತ್ತಿದ್ದ ಇಬ್ಬರು ಹುಡುಗರಿಗೆ ಅದು.
ಗುಬ್ಬಿ ಸತ್ತದ್ದು ನಿಜ, ಅಂದಳು ನನ್ನ ಖೈರಾ,
ಸಜ್ಜೆಯ ಹೊಲವೂ ಹೋಯಿತಲ್ಲ.

ಸುಳ್ಳಾಡಬಾರದು. ಊರು ಬಿಡಿಸುತ್ತೇವೆ ಎಂದರು, ಬಿಡಿಸಿದರು.
ಡೋಲು ಹೊಡೆದೆವು. ಬಚ್ಚಿಟ್ಟ ರೇಡಿಯೊ ಹೊರಗೆ ಬಂತು.
ಮರುವರ್ಷ ತಿಬೋ ಬಂದಾಗ ದಾರಿ ಕಾಯುವ ಕೆಲಸ ಎಂದ.
ಆಮೇಲೆ, ನಮ್ಮ ಸೈನ್ಯಕ್ಕೆ ಸೈನ್ಯವಾಗುವುದನ್ನು ಕಲಿಸುವುದು.
ಆಮೇಲೆ ಬಾವಿ, ಶಾಲೆ, ನ್ಯಾಯಾಧೀಶ, ಮತಪೆಟ್ಟಿಗೆ,
ಯಾರೂ ಎಂದೂ ಕಂಡಿರದ ಗಡಿ.
ದಾರಿ ಉದ್ದವಾಗುತ್ತಲೇ ಹೋಯಿತು, ಬೂಟು ಅವೇ.
ಅವೇ ಜೋಡಿ ಹೊಳೆಗೆ, ಕಲ್ಲಿಗೆ, ಮರಳಿಗೆ,
ಮದುವೆಮನೆಯ ಬಾಗಿಲಿಗೆ.

ಒಂದು ಸಂಜೆ ನಮ್ಮವರ ಕಥೆ ಹೇಳಿದೆ.
ಉತ್ತರದ ಸುಲ್ತಾನನಿಗೆ ಬಂಗಾರ ಬೇಕಿತ್ತು,
ಮರುಭೂಮಿ ದಾಟಿಸಿ ಕೋವಿಗಳನ್ನು ಕಳಿಸಿದ.
ಬಾಯಾರಿ ಸತ್ತವರು ಸತ್ತರು, ಉಳಿದವರು ಹೊಳೆ ಕಂಡರು.
ಈ ನೆಲದವರು ದನದ ಮಂದೆಯನ್ನೇ ಎದುರು ನುಗ್ಗಿಸಿದರಂತೆ;
ಕೋವಿಯ ಸದ್ದಿಗೆ ಬೆದರಿದ ದನ
ತಿರುಗಿ ತನ್ನವರನ್ನೇ ತುಳಿಯಿತು.
ಅಷ್ಟು ದೊಡ್ಡ ರಾಜ್ಯ ಬಿತ್ತು.

ಬಂಗಾರ ಇಲ್ಲಿರಲಿಲ್ಲ.
ಇನ್ನೂ ದಕ್ಷಿಣಕ್ಕೆ, ಕುದುರೆಯೂ ಬದುಕದ ಕಾಡಿನಲ್ಲಿತ್ತು,
ಅಲ್ಲಿಗೆ ಕೋವಿ ಹೋಗಲಿಲ್ಲ.
ಸುಲ್ತಾನ ಸತ್ತ. ಅವನ ಮಕ್ಕಳು ಕಚ್ಚಾಡಿದರು.
ಆಜ್ಞೆ ಬರುವುದು ನಿಂತಿತು, ಸಂಬಳವೂ.
ಗೆದ್ದವರು ಸೋತವರ ಹೆಣ್ಣುಗಳನ್ನು ಕಟ್ಟಿಕೊಂಡು,
ಸೋತವರ ಮಾತು ಕಲಿತು, ಕೊನೆಗೆ
ಕೆರ ಹೊಲಿಯುತ್ತ ಕೂತರು.
'ಆ ಗೆಲುವು ನಾನೇ' ಎಂದೆ, 'ಸರಿಯಾಗಿ ನೋಡಿಕೋ.'
ತಿಬೋ ಇದ್ದಿಲ ಒಲೆಯನ್ನೇ ನೋಡುತ್ತಿದ್ದ.

ಕೊನೆಯ ಸಲ ಎಡಗಾಲಿನ ಬೂಟು ಬಿಟ್ಟು,
ನನ್ನದೇ ಹಳೆಯ ಚಪ್ಪಲಿ ಮೆಟ್ಟಿಕೊಂಡು ಹೋದ.
ಮಂಗಳವಾರ ಬರುತ್ತೇನೆ ಎಂದಿದ್ದ.
ಸೋಮವಾರ ರಾತ್ರಿಯೆಲ್ಲ ವಿಮಾನಗಳ ಸದ್ದು.
ಬೆಳಿಗ್ಗೆ ಶಿಬಿರದಲ್ಲಿ ಮುಳ್ಳುತಂತಿ, ಮರಳಿನ ಚೀಲ,
ಬೀಗ ಹಾಕಿದ ಒಂದು ತಂಪುಪೆಟ್ಟಿಗೆ.
ಹುಡುಗರು ಬೀಗ ಒಡೆದರು. ಒಳಗೂ ಬೀಗಗಳೇ ಇದ್ದವು.

ಬೂಟು ಮೊಳೆಗೆ ನೇತಾಡುತ್ತಿದೆ.
ಮೂರೆಳೆ ಹಾಕಿದ್ದೇನೆ, ಪಟ್ಟಿಯನ್ನೂ.
ಕೋಳಿ ಮೊಟ್ಟೆಯಿಡಲು ಕೊಡು ಎನ್ನುತ್ತಾಳೆ ಖೈರಾ.

ಈಗ ಹೊಸಬರು ಬಂದಿದ್ದಾರೆ. ಬೇರೆ ಮಾತು, ಬೇರೆ ಬೂಟು.
ಚಹಾಕ್ಕೆ ಕೂರುವವರಲ್ಲ.
ನಿನ್ನೆ ಒಬ್ಬ ಅಂಗಡಿಯ ಮುಂದೆ ನಿಂತು
ಕಾಲೆತ್ತಿ ಅಟ್ಟೆ ತೋರಿಸಿದ.
ಎಷ್ಟು ದೂರ ಎಂದು ಕೇಳಲು ಬಾಯಿ ತೆರೆದೆ,
ಅಷ್ಟರಲ್ಲಿ ಅವನೇ, ಎಷ್ಟು ದುಡ್ಡು ಎಂದು
ಬೆರಳು ಉಜ್ಜಿ ಕೇಳಿದ.
ನಾನೂ ಬೆರಳಲ್ಲೇ ಹೇಳಿದೆ.